ಮುಯ್ಯಿ ಪುಸ್ತಕದ ಅಕ್ಕಂದಿರು

ನನ್ನ ಅಣ್ಣನ ಮಗಳು ಅಮೆರಿಕದಲ್ಲಿ ಓದಿದವಳು. ಎರಡು ವರ್ಷದ ಹಿಂದೆ ಮತ್ತೋಡಿಗೆ ಬಂದಿದ್ದಾಗ, ಜಗಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ನಮ್ಮಮ್ಮನಿಗೆ ಫೋನಿನಲ್ಲಿದ್ದ ಫೋಟೋ ತೋರಿಸುತ್ತಿದ್ದಳು. ಒಂದೇ ಬಣ್ಣದ ಅಂಗಿ ತೊಟ್ಟ ಮೂವತ್ತು ನಲವತ್ತು ಹುಡುಗಿಯರು, ಎದೆಯ ಮೇಲೆ ಗ್ರೀಕ್ ಅಕ್ಷರಗಳು. “ಅತ್ತೆ, ಸೊರಾರಿಟಿಗೆ ಕನ್ನಡದಲ್ಲಿ ಏನಂತಾರೆ? ಅಜ್ಜಿಗೆ ಹೇಗೆ ಹೇಳೋದು?” ಅಂದಳು. ನಾನು ಕನ್ನಡ ಪಾಠ ಮಾಡುವವಳು. ಒಂದು ಕ್ಷಣ ಯೋಚಿಸಿ ‘ಸೋದರಿಯರ ಸಂಘ’ ಅಂದೆ. ಅಮ್ಮ ತಲೆ ಎತ್ತದೆ ಕೇಳಿದಳು: “ಸಂಘನಾ? ಸಾಲ ಎಷ್ಟು ಕೊಡ್ತಾರಂತೆ?”

ಇಬ್ಬರೂ ನಕ್ಕೆವು. ಅಮ್ಮನಿಗೆ ಸಂಘ ಅಂದರೆ ಸ್ತ್ರೀಶಕ್ತಿ ಸಂಘ; ವಾರಕ್ಕೊಮ್ಮೆ ಕೂತು ಉಳಿತಾಯದ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆಸುವುದು. ಆದರೆ ಆಮೇಲೆ ಯೋಚಿಸಿದರೆ ಅಮ್ಮನ ಪ್ರಶ್ನೆ ನನ್ನ ಅನುವಾದಕ್ಕಿಂತ ಚುರುಕಾಗಿತ್ತು ಅನ್ನಿಸಿತು. ಹೆಣ್ಣುಮಕ್ಕಳು ಒಟ್ಟುಗೂಡಿದ್ದಾರೆ ಅಂದರೆ ಅಲ್ಲಿ ಏನೋ ಒಂದು ಕೊಡುವುದು ತೆಗೆದುಕೊಳ್ಳುವುದು ಇರಲೇಬೇಕು ಎಂದು ಅವಳ ಲೆಕ್ಕ. ನಾನು ಈ ಪ್ರಬಂಧದಲ್ಲಿ ಹಿಡಿದು ಹೊರಟಿರುವುದು ಆ ಲೆಕ್ಕವನ್ನೇ: ಕಲಿಯುವ ಹುಡುಗಿಯರ ಒಡನಾಟ, ಅವರ ಕೊಡುಕೊಳ್ಳುವಿಕೆ, ಅದರ ಮೇಲೆ ಎರಗಿದ ಒಂದು ಸಾಂಕ್ರಾಮಿಕ, ಇದನ್ನೆಲ್ಲ ನಮ್ಮ ಸಾಹಿತ್ಯ ಎಲ್ಲಿ ಕಂಡಿದೆ, ಎಲ್ಲಿ ಕಂಡಿಲ್ಲ.

ಸೊರಾರಿಟಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪದದ ಮೂಲ ಲ್ಯಾಟಿನ್ನಿನ ‘ಸೊರೊರ್’, ಅಂದರೆ ಸೋದರಿ. ಸದಸ್ಯತ್ವಕ್ಕೆ ಆಯ್ಕೆಯಾಗಬೇಕು, ಚಂದಾ ಕಟ್ಟಬೇಕು. ಹೊಸದಾಗಿ ಬಂದವಳಿಗೆ ಹಿರಿಯಳೊಬ್ಬಳು ಅಕ್ಕನಾಗುತ್ತಾಳೆ. ವರ್ಷವಿಡೀ ಯಾವುದಾದರೂ ಸತ್ಕಾರ್ಯಕ್ಕೆ ದೇಣಿಗೆ ಎತ್ತುತ್ತಾರೆ. ಬಿಳಿಯರ ಸಂಘಗಳಲ್ಲಿ ಜಾಗವಿಲ್ಲದ ಕಾಲದಲ್ಲಿ, 1908ರಲ್ಲಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಅದರ ಸದಸ್ಯೆ. ದಕ್ಷಿಣ ಏಷ್ಯಾದ ಹುಡುಗಿಯರು 1998ರಲ್ಲಿ ಟೆಕ್ಸಸ್ಸಿನ ಆಸ್ಟಿನ್ನಿನಲ್ಲಿ ಕಪ್ಪಾ ಫೈ ಗಾಮಾ ಶುರುಮಾಡಿದರು. 2020ರಲ್ಲಿ ವಿಶ್ವವಿದ್ಯಾಲಯಗಳು ಮುಚ್ಚಿದಾಗ ಇವರ ಸಭೆ, ಹೊಸಬರ ಆಯ್ಕೆ, ಅಕ್ಕ–ತಂಗಿ ಹೊಂದಿಸುವುದು ಎಲ್ಲವೂ ಜೂಮ್ ಪರದೆಗೆ ಹೋಯಿತು. ನಮ್ಮ ಹುಡುಗಿ ಹೇಳುವಂತೆ ಅವರ ಶಾಖೆ ಆನ್‌ಲೈನಿನಲ್ಲಿ ದೇಣಿಗೆ ಎತ್ತಿ ಆಸ್ಪತ್ರೆಯ ನರ್ಸುಗಳಿಗೆ ಊಟದ ಪೊಟ್ಟಣ ಕಳಿಸಿತು. ಅದೇ ಬೇಸಿಗೆಯಲ್ಲಿ ವ್ಯಾಂಡರ್‌ಬಿಲ್ಟ್‌ನಂಥ ಕಡೆ ಸದಸ್ಯೆಯರೇ ಈ ಸಂಘಗಳು ಬಣ್ಣ ನೋಡಿ, ದುಡ್ಡು ನೋಡಿ ಸೇರಿಸಿಕೊಳ್ಳುತ್ತವೆ, ಇವನ್ನು ಮುಚ್ಚಿ ಎಂದು ರಾಜೀನಾಮೆ ಕೊಟ್ಟು ಹೊರಬಂದರು. ಹೊರಗಿನವರಿಗೆ ಧಾರಾಳವಾಗಿ ಕೊಡುವ ಕೂಟವೊಂದು ತನ್ನ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತದೆ ಎಂಬ ಪ್ರಶ್ನೆ ಅದು. ನಮಗೂ ಬೇಕಾದ ಪ್ರಶ್ನೆ.

ನಮ್ಮಲ್ಲಿ ಇಂಥ ಗ್ರೀಕ್ ಅಕ್ಷರದ ಸಂಘ ಇಲ್ಲ. ಹೆಣ್ಣುಮಕ್ಕಳು ಸೇರಿ ಕಟ್ಟಿದ್ದು ಇಲ್ಲವೆಂದಲ್ಲ. ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಕಾಣದ ಊರುಗಳಲ್ಲಿ ಕೂತು ಓದುವ ಹೆಂಗಸರ ಒಂದು ಕೂಟ. ಮೈಸೂರಿನಲ್ಲಿ ವಿಜಯಾ ದಬ್ಬೆಯಂಥವರು ಸಮತಾ ವೇದಿಕೆ ಕಟ್ಟಿದರು. 1979ರಲ್ಲಿ ಲೇಖಕಿಯರ ಸಂಘ ಬಂತು. ಆದರೆ ವಿಶ್ವವಿದ್ಯಾಲಯದ ಹುಡುಗಿಯರ ನಿಜವಾದ ಸೋದರಿ ಸಂಘ ನಡೆಯುವ ಜಾಗ ಬೇರೆ. ಅದು ಹಾಸ್ಟೆಲು. ಹಿಂದುಳಿದ ವರ್ಗದ ಹಾಸ್ಟೆಲು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು. ಒಂದು ಕೋಣೆಯಲ್ಲಿ ಎಂಟು ಟ್ರಂಕು, ಒಂದು ಕನ್ನಡಿ, ಬೆಳಿಗ್ಗೆ ಐದಕ್ಕೆ ಬಕೆಟ್ಟಿನ ಸಾಲು. ಅಲ್ಲಿ ಸಿಗುವ ‘ಅಕ್ಕ’ನನ್ನು ಯಾರೂ ಸಮಾರಂಭ ಮಾಡಿ ಕೊಡುವುದಿಲ್ಲ, ಮೊದಲ ತಿಂಗಳು ಅಳುವಾಗ ಪಕ್ಕದ ಮಂಚದವಳು ತಾನಾಗಿ ಅಕ್ಕ ಆಗುತ್ತಾಳೆ. ಇಷ್ಟು ದೊಡ್ಡ ಅನುಭವಕ್ಕೆ ಕನ್ನಡ ಕಥೆ–ಕಾದಂಬರಿ ಕೊಟ್ಟಿರುವ ಜಾಗ ನನ್ನ ಓದಿನ ಮಟ್ಟಿಗೆ ತೀರ ಕಡಿಮೆ. ಹುಡುಗರ ಹಾಸ್ಟೆಲ್ಲಿನಿಂದ ಆತ್ಮಕಥೆಗಳೇ ಹುಟ್ಟಿವೆ. ಹುಡುಗಿಯರ ಹಾಸ್ಟೆಲು ನಮ್ಮ ಬರವಣಿಗೆಯಲ್ಲಿ ಹೆಚ್ಚಾಗಿ ಹುಡುಗ ಹೊರಗೆ ನಿಂತು ನೋಡುವ ಗೇಟು.

ಈ ಕೊರತೆಯ ಬಗ್ಗೆ ನಾನು ಗಟ್ಟಿಯಾಗಿ ಯೋಚಿಸುವಂತೆ ಮಾಡಿದ್ದು ಒಂದು ನೋಟ್‌ಬುಕ್ಕು.

2020ರ ಮಾರ್ಚ್ ಮಧ್ಯದಲ್ಲಿ ಕಾಲೇಜು ಮುಚ್ಚಿದಾಗ ಒಂದು ವಾರದ ಬಟ್ಟೆ ಹಿಡಿದು ಊರಿಗೆ ಬಂದ ಹುಡುಗಿಯರು ನವೆಂಬರಿನವರೆಗೆ ಇಲ್ಲೇ ಉಳಿದರು. ಅಷ್ಟರಲ್ಲಿ ಎಷ್ಟೋ ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾಗಿದ್ದವು. ಇವರ ಪುಸ್ತಕ, ಟ್ರಂಕು ಒಳಗೇ. ಮತ್ತೋಡು ಮತ್ತು ಸುತ್ತಲ ಹಳ್ಳಿಗಳ ಏಳು ಹುಡುಗಿಯರು, ದಾವಣಗೆರೆ ಚಿತ್ರದುರ್ಗಗಳಲ್ಲಿ ಓದುತ್ತಿದ್ದವರು, ಆ ದಿನಗಳಲ್ಲಿ ಇಟ್ಟ ಲೆಕ್ಕದ ಪುಸ್ತಕ ಅದು. ಕೊರೊನಾ ಕಾಲದ ಅನುಭವ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದ್ದೆ. ಅವಳು ಇನ್ನೂರು ಪುಟದ ಉದ್ದ ನೋಟ್‌ಬುಕ್ ತಂದಿಟ್ಟಳು. “ಮಿಸ್, ನಾವ್ ಬರೆದಿರೋದು ಇದೊಂದೇ. ಓದೋಕೆ ಏನಿಲ್ಲ, ಬರೀ ಲೆಕ್ಕ ಐತೆ.”

ಪ್ರತಿ ಪುಟದಲ್ಲೂ ಸ್ಕೇಲಿನಿಂದ ಗೆರೆ ಎಳೆದು ಮೂರು ಕಾಲಂ. ಹೆಸರು, ಕೊಟ್ಟದ್ದು, ಬಂದದ್ದು. ರೀಚಾರ್ಜ್ 199. ಪ್ಯಾಡು ಎರಡು ಪ್ಯಾಕೆಟ್ (ಸರ್ಕಾರದ ‘ಶುಚಿ’ ಪ್ಯಾಡು ಶಾಲೆ, ಹಾಸ್ಟೆಲ್ಲಿನ ಬಾಗಿಲಿನ ಜೊತೆಗೇ ಮುಚ್ಚಿತ್ತು). ಇಂಗ್ಲಿಷ್ ನೋಟ್ಸ್ ಮೂರನೇ ಯುನಿಟ್, ಕೈಯಲ್ಲಿ ಬರೆದದ್ದು. ಫೋನು ಎರಡು ಗಂಟೆ. ಹೌದು, ಗಂಟೆ ಲೆಕ್ಕ. ಏಳು ಜನಕ್ಕೆ ಪಾಠ ಕೇಳಲು ಆಗುವಂಥ ಫೋನು ಇದ್ದದ್ದು ಮೂರು. ಅಕ್ಟೋಬರಿಗೆ ಬಂದರೆ: ಶೇಂಗಾ ಕೀಳೋಕೆ ಒಂದು ದಿನ. ಅದರ ಎದುರಿಗೆ ‘ಬಂದದ್ದು’ ಕಾಲಂನಲ್ಲಿ: ಅಸೈನ್‌ಮೆಂಟ್ ಒಂದು.

ಪುಸ್ತಕದ ಮೇಲೆ ದಪ್ಪ ಅಕ್ಷರದಲ್ಲಿ ಅವರು ಬರೆದುಕೊಂಡಿದ್ದ ಹೆಸರು ‘ಮುಯ್ಯಿ ಪುಸ್ತಕ’.

ಮುಯ್ಯಿ ಅಂದರೇನು ಎಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಮದುವೆ ಮನೆಯಲ್ಲಿ ಒಬ್ಬರು ಪೆನ್ನು ಹಿಡಿದು ಕೂತು ಯಾರು ಎಷ್ಟು ಓದಿಸಿದರು ಎಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅದನ್ನು ತೀರಿಸಬೇಕು. ಹೊಲದಲ್ಲಿ ಮುಯ್ಯಾಳು: ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ಇದು ದಾನವಲ್ಲ, ಕೂಲಿಯೂ ಅಲ್ಲ, ಸಾಲವಂತೂ ಅಲ್ಲವೇ ಅಲ್ಲ. ಕೊಟ್ಟವರು ದೊಡ್ಡವರಾಗುವುದಿಲ್ಲ, ಪಡೆದವರು ಸಣ್ಣವರಾಗುವುದಿಲ್ಲ. (‘ಮುಯ್ಯಿ ತೀರಿಸಿಕೊಳ್ಳುವುದು’ ಅಂದರೆ ಸೇಡು ಎಂಬ ಅರ್ಥವೂ ಇದೆ. ಭಾಷೆಗೆ ಎರಡರ ಒಳಗೂ ಒಂದೇ ಲೆಕ್ಕ ಕಂಡಿರಬೇಕು.) ಸೊರಾರಿಟಿಯ ಕಲ್ಪನೆಯಲ್ಲಿ ಸೋದರಿತ್ವ ಒಳಗಿನವರಿಗೆ, ಪರೋಪಕಾರ ಹೊರಗಿನವರಿಗೆ; ಎರಡಕ್ಕೂ ಬೇರೆ ಬೇರೆ ಖಾತೆ. ಈ ಹುಡುಗಿಯರ ಪುಸ್ತಕದಲ್ಲಿ ಅಂಥ ಎರಡು ಖಾತೆ ಇಲ್ಲ. ಜುಲೈ ತಿಂಗಳಲ್ಲಿ ಒಂದು ನಮೂದು: ‘ಆಶಾ ಅಕ್ಕ, ಮಾಸ್ಕು 20’. ಹಳೆಯ ಕಾಟನ್ ಸೀರೆ ಕತ್ತರಿಸಿ ಹೊಲಿದದ್ದು. ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ಗೌರವಧನ ಬೇಕೆಂದು ಮುಷ್ಕರ ಹೂಡಿದ್ದ ತಿಂಗಳು ಅದು. ಬೇರೆ ಯಾರಾದರೂ ಆಗಿದ್ದರೆ ಇದಕ್ಕೆ ಒಂದು ಫೋಟೋ, ‘ಕೊರೊನಾ ವಾರಿಯರ್‌ಗೆ ನೆರವು’ ಎಂದು ಒಂದು ಸ್ಟೇಟಸ್. ಇಲ್ಲಿ ಆ ಸಾಲಿನ ಮುಂದೆ, ಬೇರೆ ಶಾಯಿಯಲ್ಲಿ, ‘ಬಂದದ್ದು: ಅಜ್ಜಿ ಬಿಪಿ ಮಾತ್ರೆ’. ಹೊರಗಿನವಳೂ ಲೆಕ್ಕದೊಳಗೆ ಬಂದುಬಿಟ್ಟಳು.

ಈ ಪುಸ್ತಕವನ್ನು ಮಗ್ಗುಲಿಗಿಟ್ಟುಕೊಂಡು ನಮ್ಮ ಎರಡು ಪ್ಲೇಗ್ ಕಾದಂಬರಿಗಳನ್ನು ನಾನು ಮತ್ತೆ ಓದಿದೆ. 2020ರಲ್ಲಿ ಎಲ್ಲರೂ ಕಮೂವಿನ ಬಗ್ಗೆ ಬರೆದರು. ನಮ್ಮವೇ ಎರಡು ಇವೆ ಎಂದು ನೆನಪಿಸಿದವರು ಕಡಿಮೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣದೊಂದಿಗೆ ಆರಂಭವಾಗುತ್ತದೆ. ಯಾರು ಸಂಸ್ಕಾರ ಮಾಡಬೇಕು ಎಂಬ ಪ್ರಶ್ನೆ ಪ್ರಾಣೇಶಾಚಾರ್ಯರ ಪ್ರಶ್ನೆಯಾಗಿ, ಕಡೆಗೆ ಅವರ ಬದುಕಿನ ಪ್ರಶ್ನೆಯೇ ಆಗುತ್ತದೆ. ಅದರ ಬಗ್ಗೆ ಅರವತ್ತು ವರ್ಷದಿಂದ ಬರೆದಿದ್ದೇವೆ, ಪರೀಕ್ಷೆಯಲ್ಲಿ ಕೇಳಿದ್ದೇವೆ. ಆದರೆ ಕಾದಂಬರಿಯಲ್ಲಿ ಆ ಹೆಣಕ್ಕೆ ಬೆಂಕಿ ಇಡಿಸಿದ್ದು ಯಾರು? ಚಂದ್ರಿ. ಖರ್ಚಿಗೆಂದು ಮೊದಲು ತನ್ನ ಒಡವೆ ಬಿಚ್ಚಿಟ್ಟಳು. ಅದರಿಂದ ಕೆಲಸ ಆಗಲಿಲ್ಲ, ಆಸೆ ಹುಟ್ಟಿತು. ಆಮೇಲೆ ರಾತ್ರಿ ಒಬ್ಬಳೇ ಹೋಗಿ ಗಾಡಿಯವನನ್ನು ಕೇಳಿದಳು, ಅವನು ಒಪ್ಪಲಿಲ್ಲ. ಮೀನು ವ್ಯಾಪಾರದ ಅಹಮದ್ ಬ್ಯಾರಿ ಒಪ್ಪಿದ. ಇಡೀ ಅಗ್ರಹಾರ ಮಾಡಲಾಗದ್ದನ್ನು ಇಬ್ಬರು ಹೊರಗಿನವರು ಕೆಲವೇ ಸಾಲುಗಳಲ್ಲಿ ಮಾಡಿ ಮುಗಿಸಿದರು. ಆಮೇಲೆ ಚಂದ್ರಿ ಕುಂದಾಪುರಕ್ಕೆ ಹೊರಟುಹೋಗುತ್ತಾಳೆ. ಆಚಾರ್ಯರ ಸಂಕಟ ಮುಂದುವರಿಯುತ್ತದೆ.

ಇದು ಅನಂತಮೂರ್ತಿಯವರಿಗೆ ಗೊತ್ತಿಲ್ಲದೆ ಆದದ್ದಲ್ಲ, ವ್ಯಂಗ್ಯ ಅವರದೇ. ನನ್ನ ತಕರಾರು ಇನ್ನೊಂದು. ಆ ಕಾದಂಬರಿಯ ಹೆಂಗಸರು ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಚಿನ್ನಿ ಅಗ್ರಹಾರದ ಹಿತ್ತಿಲಲ್ಲಿ ದೂರ ನಿಂತು, ತಮ್ಮ ಕೇರಿಯಲ್ಲಿ ಇಲಿ ಬರುತ್ತಿರುವುದನ್ನೂ ಜನ ಸಾಯುತ್ತಿರುವುದನ್ನೂ ಬ್ರಾಹ್ಮಣ ಗೃಹಿಣಿಗೆ ಹೇಳುವ ಒಂದು ಗಳಿಗೆ ಬರುತ್ತದೆ. ಪ್ಲೇಗು ಬಂದಿದೆ ಎಂಬ ಸುದ್ದಿ, ಅಂದರೆ ಜೀವ ಉಳಿಸಬಹುದಾದ ಸುದ್ದಿ, ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ದಾಟಬಹುದಾದ ಜಾಗ ಅದೇ. ನಡುವೆ ಇರುವ ಅಂತರದಲ್ಲಿ ಸುದ್ದಿ ಬಿದ್ದುಹೋಗುತ್ತದೆ. 2020ರಲ್ಲಿ ‘ಸಾಮಾಜಿಕ ಅಂತರ ಕಾಪಾಡಿ’ ಎಂದು ಗೋಡೆ ಗೋಡೆಯ ಮೇಲೆ ಬರೆದಾಗ ನನಗೆ ನೆನಪಾದದ್ದು ಈ ಪುಟ. ನಮ್ಮೂರಲ್ಲಿ ಅದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಅಗ್ರಹಾರದವರು ರೋಗಕ್ಕೆ ಹೆದರಿ ಹೆಂಡಿರು ಮಕ್ಕಳನ್ನು ತವರಿಗೆ ಕಳಿಸುತ್ತಾರಲ್ಲ, ಅಲ್ಲಿಂದ ಮುಂದೆ ಕಾದಂಬರಿಯೂ ಅವರನ್ನು ಕಳಿಸಿಕೊಟ್ಟಂತೆಯೇ.

ಭೈರಪ್ಪನವರ ‘ಗೃಹಭಂಗ’ (1970) ನಮಗೆ ಹತ್ತಿರದ್ದು. ರಾಮಸಂದ್ರದ ಬಯಲು, ರಾಗಿ, ಶಾನುಭೋಗಿಕೆ, ಪ್ಲೇಗು ಬಂದಾಗ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವುದು. ನಮ್ಮ ಅಜ್ಜಿಯರು ಹೇಳುತ್ತಿದ್ದ ಲೋಕವೇ. ನಂಜಮ್ಮ ಗಂಡ ಚೆನ್ನಿಗರಾಯನ ಬದಲಿಗೆ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮನೆ ನಡೆಸುತ್ತಾಳೆ. ಕನ್ನಡ ಕಾದಂಬರಿಯಲ್ಲಿ ಲೆಕ್ಕದ ಪುಸ್ತಕ ಹಿಡಿದ ಹೆಣ್ಣು ಅಂದರೆ ನನಗೆ ಕಣ್ಣಿಗೆ ಬರುವವಳು ಅವಳೇ. ಪ್ಲೇಗಿನಲ್ಲಿ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರೂ ಹೋಗುತ್ತಾರೆ. ಕೆಲವು ವರ್ಷದ ಮೇಲೆ ಬಂದ ಪ್ಲೇಗಿನಲ್ಲಿ ಅವಳೂ. ಆ ಸಾವುಗಳನ್ನು ಭೈರಪ್ಪ ಹೇಳುವ ರೀತಿ, ಒಂದು ವಿಶೇಷಣವೂ ಇಲ್ಲದೆ, ಯಾವ ಹೊತ್ತಿಗೆ ಗೆಡ್ಡೆ ಎದ್ದಿತು, ಯಾರು ನೀರು ತಂದರು ಎಂಬಂತೆ ಹೇಳುವ ರೀತಿ, ಕನ್ನಡದಲ್ಲಿ ಇನ್ನೊಬ್ಬರಿಗೆ ಸಾಧ್ಯವಾಗಿಲ್ಲ. ಭೈರಪ್ಪನವರ ವಿಚಾರಗಳೊಂದಿಗೆ ನನಗೆ ಹಲವು ಜಗಳಗಳಿವೆ. ಈ ಪುಟಗಳ ಜೊತೆ ಇಲ್ಲ.

ನಂಜಮ್ಮನಿಗೆ ಗೆಳತಿಯೂ ಇದ್ದಾಳೆ. ರೇವಣ್ಣಶೆಟ್ಟಿಯ ಹೆಂಡತಿ ಸರ್ವಕ್ಕ. ಜಾತಿ ಬೇರೆ, ಗಂಡನ ಕಾಟ ಮಾತ್ರ ಇಬ್ಬರಿಗೂ ಒಂದೇ. ಇಬ್ಬರೂ ಮಕ್ಕಳನ್ನು ಕಳೆದುಕೊಂಡವರು, ಒಬ್ಬಳು ರೋಗಕ್ಕೆ, ಇನ್ನೊಬ್ಬಳು ಗಂಡನ ಕೈಗೆ. ‘ಸೋದರಿತ್ವ’ ಎಂಬ ಪಂಡಿತರ ಪದಕ್ಕೆ ಕನ್ನಡದಲ್ಲಿ ಉದಾಹರಣೆ ಬೇಕಾದರೆ ಈ ಇಬ್ಬರನ್ನು ತೋರಿಸಬಹುದು. ಆದರೂ ಮರು ಓದಿನಲ್ಲಿ ನನಗೆ ಅನ್ನಿಸಿದ್ದು, ಕಾದಂಬರಿಗೆ ಈ ಸ್ನೇಹ ಬೇಕಿರುವುದು ನಂಜಮ್ಮ ಎಷ್ಟು ಒಂಟಿ ಎಂದು ತೋರಿಸುವುದಕ್ಕೆ. ಸರ್ವಕ್ಕ ಬರುತ್ತಾಳೆ, ಕೂರುತ್ತಾಳೆ, ಅಳುತ್ತಾಳೆ. ಅವರಿಬ್ಬರ ನಡುವಿನ ಕೊಡುಕೊಳ್ಳುವಿಕೆ ಕಥೆಯನ್ನು ಎಲ್ಲೂ ಬೇರೆ ಕಡೆಗೆ ತಿರುಗಿಸುವುದಿಲ್ಲ. ದುರಂತ ಅಚ್ಚುಕಟ್ಟಾಗಬೇಕಾದರೆ ನಾಯಕಿ ಒಬ್ಬಳೇ ನಿಲ್ಲಬೇಕು. ಕೊನೆಯಲ್ಲಿ ಉಳಿದ ಹುಡುಗ ವಿಶ್ವನನ್ನು ಕರೆದುಕೊಂಡು ಹೋಗುವವರೂ ಭಿಕ್ಷೆಯ ಮಹಾದೇವಯ್ಯನವರೇ ಹೊರತು ಅಕ್ಕಪಕ್ಕದ ಯಾವ ಹೆಂಗಸೂ ಅಲ್ಲ. ಒಂದು ಕಾದಂಬರಿಯಲ್ಲಿ ಗಂಡಿನ ಆತ್ಮಸಾಕ್ಷಿ, ಇನ್ನೊಂದರಲ್ಲಿ ಹೆಣ್ಣಿನ ಸಹನೆ. ಎರಡೂ ಒಂಟಿ. ಸಾಂಕ್ರಾಮಿಕದಲ್ಲಿ ಬದುಕಿ ಉಳಿದವರು ಹೇಗೆ ಉಳಿದರು ಎಂಬುದು ನಮ್ಮ ದೊಡ್ಡ ಕಾದಂಬರಿಗಳ ಪ್ರಶ್ನೆ ಆಗಲಿಲ್ಲ.

ನೋಟ್‌ಬುಕ್ಕಿನದು ಅದೊಂದೇ ಪ್ರಶ್ನೆ.

ಹಾಗೆಂದು ಇದನ್ನು ಮಹಾಕಾವ್ಯ ಮಾಡಲು ನಾನು ಹೊರಟಿಲ್ಲ. ಅದು ಪುಟದಿಂದ ಪುಟಕ್ಕೆ ಬೇಸರ ತರಿಸುತ್ತದೆ. ಯಾರೂ ಏನೂ ‘ಅನುಭವಿಸುವುದಿಲ್ಲ’. ಆದರೆ 2021ರ ಮೇ ತಿಂಗಳಿಗೆ ಬಂದರೆ (ಎರಡನೇ ಅಲೆಗೆ ಮತ್ತೆ ಊರಿಗೆ ಬಂದಿದ್ದರು, ಪುಸ್ತಕ ಮತ್ತೆ ತೆರೆಯಿತು) ಒಂದು ಪುಟದಲ್ಲಿ ಒಂದೇ ಸಾಲು ಇದೆ. ‘ಅಕ್ಕಿ 5 ಕೆಜಿ, ಬೇಳೆ 1, ಎಣ್ಣೆ 1’. ಹೆಸರಿನ ಕಾಲಂನಲ್ಲಿ ‘ಎಲ್ಲರೂ’. ‘ಬಂದದ್ದು’ ಕಾಲಂನಲ್ಲಿ ಅಡ್ಡಗೆರೆ. ಪುಸ್ತಕದಲ್ಲಿ ಬೇರೆಲ್ಲೂ ಅಡ್ಡಗೆರೆ ಇಲ್ಲ. ಏನಿದು ಎಂದು ಕೇಳಿದೆ. ಏಳರಲ್ಲಿ ಒಬ್ಬಳ ಅಪ್ಪ ಹೋದ ದಿನ. ಭೈರಪ್ಪನವರ ಪ್ಲೇಗಿನ ಪುಟಗಳ ಪಕ್ಕ ಈ ಸಾಲನ್ನು ಇಡಲು ನನಗೆ ಸಂಕೋಚವಿಲ್ಲ.

ಪುಸ್ತಕ ಕೈಯಿಂದ ಕೈಗೆ ಹೋದ ದಾರಿಯದೂ ಒಂದು ಕಥೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ತಿಂದವರು ಊರಿಗೆ ಬಂದಮೇಲೆ ನಾಲ್ಕು ಕೇರಿಯವರಾದರು. ಒಬ್ಬಳ ಮನೆಗೆ ಇನ್ನೊಬ್ಬಳು ಹೋಗುವುದು ಕೊರೊನಾ ಇಲ್ಲದಿದ್ದರೂ ಸುಲಭವಲ್ಲ. ಅದಕ್ಕೆ ಅವರು ಹುಡುಕಿಕೊಂಡ ಜಾಗ ಬಳೆ ಅಂಗಡಿಯವರ ಮನೆಯ ಪಡಸಾಲೆ. ಎಲ್ಲ ಕೇರಿಯ ಹೆಣ್ಣುಮಕ್ಕಳೂ ಹೋಗಿಬರುವ, ಹೋದರೆ ಯಾರೂ ಏಕೆ ಎಂದು ಕೇಳದ ಜಾಗ ಅದೊಂದೇ. ಬಳೆಗೂ ಮತ್ತೋಡಿಗೂ ಹಳೆಯ ನಂಟು. ಎರಡು ಶತಮಾನದ ಹಿಂದೆ, 1800–01ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆಗಾಜಿನ ತಯಾರಿಕೆಯ ಬಗ್ಗೆ, ಅದರ ಐದು ಬಣ್ಣಗಳ ಬಗ್ಗೆ, ಕಪ್ಪಿಗೇ ಬೇಡಿಕೆ ಹೆಚ್ಚು ಎಂಬುದರ ಬಗ್ಗೆ ಬರೆದಿಟ್ಟಿದ್ದಾನೆ. ಆ ಕುಲುಮೆಗಳ ಕಾಲ ಮುಗಿದಿದೆ. ಈಗ ನಾವು ತೊಡುವುದು ಫಿರೋಜಾಬಾದಿನ ಬಳೆ. ಆದರೆ ಜನಪದ ಹಾಡಿನಲ್ಲಿ ಗಂಡನ ಮನೆಯ ಹೆಣ್ಣು ತವರಿಗೆ ಸುದ್ದಿ ಕಳಿಸುವುದು ಬಳೆಗಾರನ ಕೈಯಲ್ಲೇ. ಮನೆಯಿಂದ ಹೊರಗೆ ಹೋಗಲಾರದವರ ಅಂಚೆ ಅದು. 2020ರಲ್ಲಿ ನಮ್ಮ ಹುಡುಗಿಯರು ಹಾಡು ನೆನೆದು ಅಲ್ಲಿಗೆ ಹೋದದ್ದಲ್ಲ, ಅನುಕೂಲಕ್ಕೆ ಹೋದದ್ದು. ಹಾಡು ಕಟ್ಟಿದವರೂ ಅನುಕೂಲವನ್ನೇ ಕಂಡಿದ್ದರು ಅನ್ನಿಸುತ್ತದೆ.

ಇನ್ನು ಈ ಮುಯ್ಯಿಯ ಕಷ್ಟದ ಮಾತು. ಮೊದಲ ಮೂರು ಪುಟದಲ್ಲಿ ಎಂಟು ಹೆಸರಿವೆ. ನಾಲ್ಕನೆಯದರಿಂದ ಏಳು. ಎಂಟನೆಯವಳ ಮನೆಯಲ್ಲಿ ಆಗ ಕೂಲಿ ನಿಂತಿತ್ತು. ಅವಳ ‘ಬಂದದ್ದು’ ತುಂಬುತ್ತ ಹೋಯಿತು, ‘ಕೊಟ್ಟದ್ದು’ ಖಾಲಿ. “ನಾವ್ಯಾರೂ ಏನೂ ಅನ್ಲಿಲ್ಲ ಮಿಸ್. ಅವಳೇ ಬರೋದು ಬಿಟ್ಲು” ಅಂದಳು ನನ್ನ ವಿದ್ಯಾರ್ಥಿನಿ. ಏನೂ ಅನ್ನಬೇಕಿರಲಿಲ್ಲ, ಗೆರೆ ಎಳೆದ ಕಾಲಂ ಎಲ್ಲವನ್ನೂ ಅಂದಿತ್ತು. ಸಮಾನರ ನಡುವೆ ಮುಯ್ಯಿಯಷ್ಟು ಚೆಂದದ್ದು ಇನ್ನೊಂದಿಲ್ಲ. ಏನೂ ಇಲ್ಲದವಳಿಗೆ ಅದು ಚಂದಾ ಕಟ್ಟಲಾಗದವಳ ಸೊರಾರಿಟಿ. ಹೆಸರು ಗೊತ್ತಾಗದಂತೆ ಯಾರೋ ಕಳಿಸಿದ ಒಂದು ಪೊಟ್ಟಣ, ಅಂದರೆ ನಾನು ಮೇಲೆ ಸ್ವಲ್ಪ ಹಗುರವಾಗಿ ಮಾತಾಡಿದ ಆ ಪರೋಪಕಾರ, ಅವಳನ್ನು ಕಾಲೇಜಿನಲ್ಲಿ ಉಳಿಸುತ್ತಿತ್ತೇನೋ. ಅವಳು ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ನೋಟ್‌ಬುಕ್ಕಿನಲ್ಲಿ ಇದು ಬರೆದಿಲ್ಲ. ಬರೆಯದೇ ಇರುವುದನ್ನು ಓದುವುದು ವಿಮರ್ಶೆಯ ಕೆಲಸ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಹೇಳಿದಷ್ಟು ಸುಲಭವಾಗಿ ಓದಲಾಗಲಿಲ್ಲ.

ಇನ್ನೊಬ್ಬಳಿಗೆ ಆ ಆಗಸ್ಟಿನಲ್ಲಿ ಮದುವೆಯಾಯಿತು. ಕೊನೆಯ ವರ್ಷದ ಪದವಿ, ಪರೀಕ್ಷೆಗೆ ತಿಂಗಳಿತ್ತು. ಐವತ್ತು ಜನರ ಮಿತಿ, ಖರ್ಚು ಕಡಿಮೆ, ಗಂಡಿನ ಕಡೆಯವರಿಗೂ ಅನುಕೂಲ. ಲಾಕ್‌ಡೌನಿನಲ್ಲಿ ಎಷ್ಟು ಮನೆಯಲ್ಲಿ ಈ ಲೆಕ್ಕ ನಡೆಯಿತೋ. ಆದರೆ ಪುಸ್ತಕದಲ್ಲಿ ಅವಳ ಸಾಲು ನಿಲ್ಲುವುದಿಲ್ಲ. ಮದುವೆಯ ನಂತರದ ಪುಟಗಳಲ್ಲೂ ಅವಳ ಹೆಸರಿದೆ, ಮುಂದೆ ‘ನೋಟ್ಸ್ 4, 5 ಯುನಿಟ್, ಇಟ್ಟೀವಿ’ ಎಂದಿದೆ. ಉಳಿದ ಆರು ಜನ ಸರದಿ ಮೇಲೆ ಅವಳಿಗೂ ಒಂದು ಪ್ರತಿ ಬರೆಯುತ್ತಿದ್ದರು. ಎಂಟನೆಯವಳಿಗೆ ಹೀಗೆ ಏಕೆ ಬರೆಯಲಿಲ್ಲ ಎಂದು ನಾನು ಕೇಳಿದೆ. ಹುಡುಗಿ ತುಂಬ ಹೊತ್ತು ಸುಮ್ಮನಿದ್ದಳು. “ಅವಾಗ ನಮಗೆ ಗೊತ್ತಾಗ್ಲಿಲ್ಲ ಮಿಸ್. ಇವಳ್ದು ಆದ್ಮೇಲೆ ಗೊತ್ತಾಯ್ತು.”

ನೋಟ್‌ಬುಕ್ಕಿನ ಕೆಲವು ಪುಟ ಜೆರಾಕ್ಸ್ ಮಾಡಿಸಿಕೊಳ್ಳಲೇ, ಇದರ ಮೇಲೆ ಒಂದು ಲೇಖನ ಬರೆಯುತ್ತೇನೆ ಎಂದೆ. ಹೆಸರು ಹಾಕಬೇಡಿ ಅಂದಳು. ಆಮೇಲೆ ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಇನ್ನೊಂದು ಸೇರಿಸಿ ಅಂದಳು: ಅವಳು ಈಗ ಹೊಸದುರ್ಗದಲ್ಲೇ ಇದ್ದಾಳೆ, ನಿಂತುಹೋದ ಪದವಿ ಮುಗಿಸುತ್ತೀನಿ ಅಂತಿದ್ದಾಳೆ, ನೋಟ್ಸು ತಗೊಂಡು ಹೋಗಿದ್ದಾಳೆ. “ಆದ್ರೆ ಅವಳ್ದು ಇನ್ನೂ 340 ರೂಪಾಯಿ ಬರಬೇಕು ಮಿಸ್. ಅದನ್ನೂ ಬರೀರಿ.”